ಎರೆಹುಳುವಿಗೆ ಪಿಯಾನೊ ಕೇಳಿಸಿದ ಮನೆ: ಡಾರ್ವಿನ್ ಮಕ್ಕಳು ಕಲಿತ ವಿಜ್ಞಾನ

ಎರೆಹುಳುವಿಗೆ ಕಿವಿ ಕೇಳಿಸುತ್ತದೆಯೇ? ಲಂಡನ್ನಿಗೆ ಸಮೀಪದ, ಆಗ ಕೆಂಟ್ ಪ್ರಾಂತ್ಯಕ್ಕೆ ಸೇರಿದ್ದ ಡೌನ್ ಎಂಬ ಹಳ್ಳಿಯ ಮನೆಯೊಂದರಲ್ಲಿ 1880ರ ಆಸುಪಾಸಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ನೋಡುವವರಿಗೆ ಹುಚ್ಚಾಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮಣ್ಣು ತುಂಬಿದ ಕುಂಡಗಳಲ್ಲಿ ಹುಳುಗಳನ್ನು ಸಾಕಲಾಗಿತ್ತು. ರಾತ್ರಿಯ ವೇಳೆ ಅವು ಬಿಲದಿಂದ ಮೈ ಹೊರಚಾಚಿದಾಗ ಲೋಹದ ಸೀಟಿಯೊಂದನ್ನು ಮತ್ತೆ ಮತ್ತೆ ಊದಲಾಯಿತು. ಹುಳುಗಳು ಕದಲಲಿಲ್ಲ. ಬಸೂನ್ ಎಂಬ ಉದ್ದನೆಯ ಊದುವಾದ್ಯದಿಂದ ಸಾಧ್ಯವಾದಷ್ಟು ಗಟ್ಟಿಯಾದ ಮಂದ್ರಸ್ವರ ಹೊರಡಿಸಲಾಯಿತು. ಅದಕ್ಕೂ ಅವು ಜಗ್ಗಲಿಲ್ಲ. ಉಸಿರು ತಾಗದಂತೆ ಎಚ್ಚರ ವಹಿಸಿ ಕೂಗಿದ್ದಾಯಿತು. ಪಿಯಾನೊ ಪಕ್ಕದಲ್ಲಿ ಕುಂಡವನ್ನಿಟ್ಟು ಜೋರಾಗಿ ನುಡಿಸಿದ್ದೂ ಆಯಿತು. ಹುಳುಗಳು ತಮ್ಮ ಪಾಡಿಗೆ ತಾವಿದ್ದವು.

ಆದರೆ ಅದೇ ಕುಂಡವನ್ನು ಪಿಯಾನೊದ ಮೇಲೆಯೇ ಇಟ್ಟು ಒಂದೇ ಒಂದು ಮಂದ್ರಸ್ವರವನ್ನು ಒತ್ತಿದೊಡನೆ ಎರಡೂ ಹುಳುಗಳು ಸರಕ್ಕನೆ ಬಿಲದೊಳಗೆ ಮಾಯವಾದವು. ಸ್ವಲ್ಪ ಹೊತ್ತಿನ ನಂತರ ಮೇಲೆ ಬಂದವು. ತಾರಸ್ವರವೊಂದನ್ನು ಒತ್ತಿದಾಗ ಪುನಃ ಓಡಿದವು. ಗಾಳಿಯಲ್ಲಿ ಬರುವ ಸದ್ದು ಅವುಗಳಿಗೆ ತಿಳಿಯುವುದಿಲ್ಲ, ತಾವು ಆತುಕೊಂಡಿರುವ ನೆಲದ ಕಂಪನ ಮಾತ್ರ ತಿಳಿಯುತ್ತದೆ ಎಂಬುದು ಹೀಗೆ ಸಿದ್ಧವಾಯಿತು.

ಕುಂಡದ ಮುಂದೆ ಕುಳಿತು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ ಬಿಳಿಗಡ್ಡದ ಮುದುಕ ಚಾರ್ಲ್ಸ್ ಡಾರ್ವಿನ್. ಪಿಯಾನೊ ಪತ್ನಿ ಎಮ್ಮಾಳದ್ದು, ಬಸೂನ್ ಮಗ ಫ್ರಾನ್ಸಿಸ್‌ನದು, ಸೀಟಿ ಊದಿದವನು ಆಗಿನ್ನೂ ಪುಟ್ಟ ಬಾಲಕನಾಗಿದ್ದ ಮೊಮ್ಮಗ ಬರ್ನಾರ್ಡ್ ಎಂದು ಈ ಪ್ರಸಂಗವನ್ನು ಹೇಳುವವರು ಹೇಳುತ್ತಾರೆ. ಜೀವವಿಕಾಸ ಸಿದ್ಧಾಂತದಿಂದ ಜಗತ್ತನ್ನೇ ಅಲುಗಾಡಿಸಿದ ವ್ಯಕ್ತಿ ತನ್ನ ಕೊನೆಯ ಪುಸ್ತಕವನ್ನು ಎರೆಹುಳುಗಳಿಗೆ ಮೀಸಲಿಟ್ಟ ಎಂಬುದು ಹಲವರಿಗೆ ಗೊತ್ತು. ಆ ಪುಸ್ತಕದ ಹಿಂದೆ ಮಕ್ಕಳಿಂದ ತುಂಬಿದ ಒಂದು ಇಡೀ ಮನೆ ನಾಲ್ಕು ದಶಕಗಳ ಕಾಲ ಪ್ರಯೋಗಶಾಲೆಯಾಗಿತ್ತು ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ. ತಂದೆ ರಾಬರ್ಟ್ ಹೆಸರಾಂತ ವೈದ್ಯ. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕ ಅಕ್ಕಂದಿರ ಆರೈಕೆಯಲ್ಲಿ ಬೆಳೆದ. ಊರಿನ ಪ್ರಸಿದ್ಧ ಶಾಲೆಗೆ ಸೇರಿಸಲಾಯಿತು. ಅಲ್ಲಿ ಗ್ರೀಕ್, ಲ್ಯಾಟಿನ್ ಪದ್ಯಗಳನ್ನು ಉರು ಹೊಡೆಯುವುದೇ ವಿದ್ಯೆ. ಇಂದು ಉರು ಹೊಡೆದದ್ದು ನಾಳಿದ್ದಿಗೆ ಮರೆತುಹೋಗುತ್ತಿತ್ತು. ನಿಜವಾದ ಪಾಠ ನಡೆದದ್ದು ಮನೆಯ ತೋಟದಲ್ಲಿ ಹಾರೆ-ಗುದ್ದಲಿ ಇಡುವ ಕೊಟ್ಟಿಗೆಯಲ್ಲಿ. ಅಣ್ಣ ಎರಾಸ್ಮಸ್ ಅಲ್ಲೊಂದು ಸಣ್ಣ ರಸಾಯನಶಾಲೆ ಮಾಡಿಕೊಂಡಿದ್ದ. ತಮ್ಮನೇ ಅವನ ಸಹಾಯಕ. ರಾತ್ರಿ ಬಹು ಹೊತ್ತಿನವರೆಗೂ ಅನಿಲಗಳನ್ನು ತಯಾರಿಸುತ್ತ ಕೂತಿರುತ್ತಿದ್ದ ಇವನಿಗೆ ಸಹಪಾಠಿಗಳು ಗ್ಯಾಸ್ ಎಂದೇ ಅಡ್ಡಹೆಸರಿಟ್ಟರು. ಇಂತಹ ಕೆಲಸಕ್ಕೆ ಬಾರದ ವಿಷಯದಲ್ಲಿ ಕಾಲ ಕಳೆಯುತ್ತಾನೆಂದು ಮುಖ್ಯೋಪಾಧ್ಯಾಯರು ಎಲ್ಲರೆದುರಿಗೆ ಗದರಿದ್ದೂ ಉಂಟು. ಮುಂದೆ ಡಾರ್ವಿನ್ ಆತ್ಮಕಥೆ ಬರೆಯುವಾಗ, ಪ್ರಯೋಗ ಎಂದರೇನೆಂಬುದನ್ನು ತೋರಿಸಿಕೊಟ್ಟದ್ದಕ್ಕಾಗಿ ತನ್ನ ಇಡೀ ಶಾಲಾ ಶಿಕ್ಷಣದಲ್ಲೇ ಉತ್ತಮವಾದ ಭಾಗವೆಂದು ನೆನೆದದ್ದು ಆ ಕೊಟ್ಟಿಗೆಯನ್ನೇ.

ಹುಳುಗಳೊಂದಿಗಿನ ನಂಟೂ ಬಾಲ್ಯದಲ್ಲೇ ಶುರುವಾದದ್ದು. ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಗಂಟೆಗಟ್ಟಲೆ ಕೂರುವುದು ಆ ಹುಡುಗನ ಮೆಚ್ಚಿನ ಹವ್ಯಾಸ. ಮೇರ್ ಎಂಬಲ್ಲಿ ಸೋದರಮಾವನ ಮನೆಯಿತ್ತು. ಉಪ್ಪುನೀರಿನಲ್ಲಿ ಹಾಕಿದರೆ ಹುಳು ಬೇಗ ಸಾಯುತ್ತದೆಂದು ಅಲ್ಲಿ ಯಾರೋ ಹೇಳಿದರು. ಅಂದಿನಿಂದ ಆತ ಜೀವಂತ ಹುಳುವನ್ನು ಗಾಳಕ್ಕೆ ಸಿಕ್ಕಿಸಲೇ ಇಲ್ಲ. ಮೀನು ಕಡಿಮೆ ಸಿಕ್ಕರೂ ಚಿಂತೆಯಿರಲಿಲ್ಲ.

1825ರಲ್ಲಿ ವೈದ್ಯನಾಗಲೆಂದು ಎಡಿನ್‌ಬರೋಗೆ ಕಳುಹಿಸಲಾಯಿತು. ಕ್ಲೋರೊಫಾರ್ಮ್ ಬಳಕೆಗೆ ಬಾರದಿದ್ದ ಕಾಲ. ಮಗುವೊಂದರ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹೊರಗೆ ಓಡಿಬಂದ ಹುಡುಗ ಮತ್ತೆಂದೂ ಆ ಕೋಣೆಗೆ ಕಾಲಿಡಲಿಲ್ಲ. ಬದಲಿಗೆ ರಾಬರ್ಟ್ ಗ್ರಾಂಟ್ ಎಂಬ ಪ್ರಾಣಿಶಾಸ್ತ್ರಜ್ಞನ ಹಿಂದೆ ಸಮುದ್ರತೀರದಲ್ಲಿ ಅಲೆಯತೊಡಗಿದ. 1827ರ ಮಾರ್ಚ್ 27ರಂದು, ಹದಿನೆಂಟರ ಪ್ರಾಯದಲ್ಲಿ, ವಿದ್ಯಾರ್ಥಿಗಳ ಪ್ಲೀನಿಯನ್ ಸಂಘದ ಸಭೆಯಲ್ಲಿ ಎರಡು ಸಣ್ಣ ಶೋಧಗಳನ್ನು ಮಂಡಿಸಿದ. ಕಪ್ಪೆಚಿಪ್ಪುಗಳ ಮೇಲೆ ಕಾಣುವ ಕರಿಚುಕ್ಕೆಗಳು ಕಡಲಸಸ್ಯದ ಬೀಜಗಳೆಂದು ತಿಳಿಯಲಾಗಿತ್ತು. ಅವು ಸ್ಕೇಟ್ ಮೀನಿನ ರಕ್ತ ಹೀರುವ ಜಿಗಣೆಯೊಂದರ ಮೊಟ್ಟೆಕೋಶಗಳೆಂದು ತೋರಿಸಿದ್ದು ಒಂದು. ಎರೆಹುಳುವಿನ ಬಂಧುವಾದ ಜಿಗಣೆಯಿಂದ ಈತನ ವಿಜ್ಞಾನ ಶುರುವಾಯಿತೆನ್ನಬಹುದು.

ಇನ್ನೊಂದು ಶೋಧ ಫ್ಲಸ್ಟ್ರಾ ಎಂಬ ಕಡಲಜೀವಿಯ ಅಂಡಗಳೆಂದು ಕರೆಯಲಾಗುತ್ತಿದ್ದ ಕಣಗಳು ಸ್ವತಃ ಚಲಿಸುತ್ತವೆ ಎಂಬುದು. ಗುರುಗಳಿಗೆ ಸಂತೋಷವಾಗುತ್ತದೆಂದು ಓಡೋಡಿ ಹೋಗಿ ಗ್ರಾಂಟ್‌ಗೆ ಹೇಳಿದಾಗ ಸಿಕ್ಕಿದ್ದು ಮೆಚ್ಚುಗೆಯಲ್ಲ. ತನ್ನ ವಿಷಯಕ್ಕೆ ಶಿಷ್ಯ ಕೈಹಾಕಿದ್ದು ಸರಿಯಲ್ಲ, ಪ್ರಕಟಿಸಿದರೆ ಬೇಸರವಾಗುತ್ತದೆ ಎಂಬ ಉತ್ತರ. ಈ ಘಟನೆಯನ್ನು ಬಹುಕಾಲದ ನಂತರ ಮಗಳು ಹೆನ್ರಿಯೆಟ್ಟಾ ಬರೆದಿಟ್ಟಿದ್ದಾಳೆ. ಸತ್ಯ ಹುಡುಕುವವರಿಗೆ ಇಂತಹ ಸಣ್ಣತನ ತಕ್ಕುದಲ್ಲವೆಂದು ಅಪ್ಪ ಜೀವನವಿಡೀ ನಂಬಿದ್ದನಂತೆ. ಮುಂದೆ ತನ್ನ ಮನೆಯ ಚಿಕ್ಕವರ ಕೆಲಸವನ್ನು ಆತ ನಡೆಸಿಕೊಂಡ ರೀತಿಗೆ ಇದೂ ಒಂದು ಕಾರಣವಿರಬಹುದು.

ಕೇಂಬ್ರಿಜ್‌ನಲ್ಲಿ ಸಿಕ್ಕ ಗುರು ಬೇರೆಯ ತೆರನವನು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಹೆನ್ಸ್ಲೊ ಈ ಜೀರುಂಡೆ ಹುಚ್ಚಿನ ಹುಡುಗನನ್ನು ತನ್ನೊಂದಿಗೆ ದೂರದೂರ ನಡೆಸಿಕೊಂಡು ಹೋಗುತ್ತ ಸರಿಸಮಾನನಂತೆ ಚರ್ಚಿಸುತ್ತಿದ್ದ. ಬೀಗಲ್ ಹಡಗಿಗೆ ಶಿಫಾರಸು ಮಾಡಿದವನೂ ಅವನೇ. ಹೆನ್ಸ್ಲೊ ಮುಂದೆ ಹಿಚಮ್ ಎಂಬ ಬಡ ಹಳ್ಳಿಯಲ್ಲಿ ಪಾದ್ರಿಯಾಗಿದ್ದುಕೊಂಡು ಕೂಲಿಕಾರರ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿದ. ಹೂವನ್ನು ಬಿಡಿಸಿ, ದಳ ಎಷ್ಟು, ಕೇಸರ ಎಷ್ಟು ಎಂದು ತಾವೇ ಎಣಿಸಿ ಪಟ್ಟಿಯಲ್ಲಿ ತುಂಬುವ ಕೆಲಸವನ್ನು ಆ ಮಕ್ಕಳಿಗೆ ಕೊಟ್ಟದ್ದು ಅಂದಿನ ಇಂಗ್ಲೆಂಡಿನಲ್ಲಿ ದೊಡ್ಡ ಸುದ್ದಿಯಾಯಿತು. ಇದು ಪ್ರತ್ಯೇಕ ಲೇಖನಕ್ಕೇ ತಕ್ಕ ವಿಷಯ.

1831ರ ಡಿಸೆಂಬರ್ 27ರಿಂದ 1836ರ ಅಕ್ಟೋಬರ್ 2ರವರೆಗಿನ ಬೀಗಲ್ ಯಾನದ ಕಥೆ ಎಲ್ಲರೂ ಬಲ್ಲದ್ದು. ಹಿಂತಿರುಗಿದ ಮರುವರ್ಷ ಡಾರ್ವಿನ್ ಮೇರ್‌ಗೆ ಹೋದಾಗ ಸೋದರಮಾವ ಜೊಸಾಯ ವೆಜ್‌ವುಡ್ ತನ್ನ ಹುಲ್ಲುಗಾವಲಿಗೆ ಕರೆದೊಯ್ದು ಒಂದು ವಿಚಿತ್ರವನ್ನು ತೋರಿಸಿದ. ಕೆಲವು ವರ್ಷಗಳ ಹಿಂದೆ ಮೇಲೆ ಹರಡಿದ್ದ ಸುಣ್ಣ ಮತ್ತು ಇದ್ದಿಲ ಕಿಟ್ಟ ಈಗ ಹುಲ್ಲಿನಡಿ ಕೆಲವು ಅಂಗುಲ ಆಳದಲ್ಲಿ ಒಂದೇ ಪದರವಾಗಿ ಹುದುಗಿತ್ತು. ಯಾರೂ ಉತ್ತಿರಲಿಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ಹಿಕ್ಕೆಯಾಗಿ ಹಾಕುತ್ತ ಹಾಕುತ್ತ ಅದನ್ನು ಮುಚ್ಚಿಬಿಟ್ಟಿರಬೇಕೆಂಬ ಊಹೆ ಮಾವನದು. ಅಳಿಯ ಅದನ್ನು ಪರೀಕ್ಷಿಸಿ 1837ರ ನವೆಂಬರ್ 1ರಂದು ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಪ್ರಬಂಧ ಓದಿದ. ಜ್ವಾಲಾಮುಖಿ, ಹವಳದ ದ್ವೀಪಗಳ ಬಗ್ಗೆ ಕೇಳಲು ಕಾದಿದ್ದವರಿಗೆ ಹುಳುವಿನ ಹಿಕ್ಕೆಯ ವಿಷಯ!

ಇದನ್ನು ಎಲ್ಲರೂ ಒಪ್ಪಲಿಲ್ಲ. 1869ರಲ್ಲಿ ಫಿಶ್ ಎಂಬ ತೋಟಗಾರಿಕೆ ತಜ್ಞ, ಇಷ್ಟು ದುರ್ಬಲವಾದ, ಇಷ್ಟು ಪುಟ್ಟದಾದ ಜೀವಿ ಅಷ್ಟು ದೊಡ್ಡ ಕೆಲಸ ಮಾಡುವುದು ಅಸಂಭವವೆಂದು ಪತ್ರಿಕೆಯಲ್ಲಿ ಬರೆದ. ಡಾರ್ವಿನ್‌ನನ್ನು ಚುಚ್ಚಿದ್ದು ಈ ಮಾತು. ಸಣ್ಣ ಕಾರಣವೊಂದು ಬಿಡದೆ ಪುನರಾವರ್ತನೆಯಾದರೆ ದೊಡ್ಡ ಪರಿಣಾಮವಾಗುತ್ತದೆ ಎಂಬುದೇ ಆತನ ಜೀವವಿಕಾಸ ಸಿದ್ಧಾಂತದ ಬೆನ್ನೆಲುಬು. ಹುಳುವಿನ ವಿಷಯದಲ್ಲಿ ಅದನ್ನು ನಂಬಲಾರದವರು ಜೀವಜಾತಿಗಳ ವಿಷಯದಲ್ಲಿ ನಂಬುವುದು ಹೇಗೆ? ಉತ್ತರಿಸಲು ವಾದ ಸಾಲದು, ಅಳತೆ ಬೇಕಿತ್ತು. ಅಳೆಯಲು ವರ್ಷಗಳು ಬೇಕು, ಕೈಗಳೂ ಬೇಕು.

ಕೈಗಳು ಮನೆಯಲ್ಲೇ ಇದ್ದವು. 1839ರ ಜನವರಿಯಲ್ಲಿ ಡಾರ್ವಿನ್ ಅದೇ ಮಾವನ ಮಗಳು ಎಮ್ಮಾಳನ್ನು ವರಿಸಿದ್ದ. 1842ರಲ್ಲಿ ದಂಪತಿಗಳು ಡೌನ್ ಹಳ್ಳಿಗೆ ಬಂದು ನೆಲೆಸಿದರು. ಹತ್ತು ಮಕ್ಕಳು ಹುಟ್ಟಿದರು. ಏಳು ಮಂದಿ ಉಳಿದು ದೊಡ್ಡವರಾದರು. ಹೆಸರಿಗೆ ತಿಳಿಯದ ಕಾಯಿಲೆಯಿಂದ ನರಳುತ್ತಿದ್ದ ತಂದೆ ಮನೆ ಬಿಟ್ಟು ಹೋಗುತ್ತಿದ್ದುದೇ ಅಪರೂಪವಾದ್ದರಿಂದ ಮಕ್ಕಳಿಗೆ ಆತ ಸದಾ ಲಭ್ಯ. ಅಂಟುಪಟ್ಟಿ, ದಾರ, ಕತ್ತರಿ, ಅಳತೆಗೋಲು, ಸುತ್ತಿಗೆ, ಏನು ಬೇಕಾದರೂ ಅಪ್ಪನ ಓದುಕೋಣೆಗೆ ನುಗ್ಗುವುದು. ಸೂಕ್ಷ್ಮದರ್ಶಕದ ಮುಂದೆ ಕೂರುವ ಗಾಲಿಪೀಠವೇ ಅವರ ದೋಣಿ. ನಾಲ್ಕು ವರ್ಷದ ಮಗನೊಬ್ಬ, ಕೆಲಸ ನಿಲ್ಲಿಸಿ ಆಡಲು ಬಂದರೆ ಆರು ಪೆನ್ಸ್ ಕೊಡುವೆನೆಂದು ಅಪ್ಪನಿಗೆ ಲಂಚದ ಆಮಿಷ ಒಡ್ಡಿದ್ದು ಆ ಕುಟುಂಬದ ನೆಚ್ಚಿನ ಕಥೆ. ಜೀವಜಾತಿಗಳ ಉಗಮದ ಹಸ್ತಪ್ರತಿಯ ಹೆಚ್ಚಿನ ಹಾಳೆಗಳು ಕಳೆದುಹೋಗಿವೆ. ಉಳಿದಿರುವ ಕೆಲವು ಹಾಳೆಗಳು ಉಳಿದದ್ದು ಅವುಗಳ ಹಿಂಬದಿಯಲ್ಲಿ ಮಕ್ಕಳು ಚಿತ್ರ ಬರೆದಿದ್ದಾರೆ ಎಂಬ ಕಾರಣದಿಂದ!

ಎಂಟು ವರ್ಷ ಕಾಲ ಅಪ್ಪ ಬಾರ್ನಕಲ್ ಎಂಬ ಸಮುದ್ರಜೀವಿಗಳನ್ನು ಬಗೆದು ನೋಡುತ್ತ ಕೂತದ್ದನ್ನು ಕಂಡ ಮಕ್ಕಳಿಗೆ ಅದು ಎಲ್ಲ ಅಪ್ಪಂದಿರೂ ಮಾಡುವ ಕೆಲಸವೆಂದೇ ತೋರಿತ್ತು. ನೆರೆಮನೆಯ ಅಪ್ಪ ತನ್ನ ಬಾರ್ನಕಲ್‌ಗಳನ್ನು ಎಲ್ಲಿ ನೋಡುತ್ತಾನೆಂದು ಅವರಲ್ಲೊಬ್ಬ ಮುಗ್ಧವಾಗಿ ವಿಚಾರಿಸಿದ್ದ.

1855ರಲ್ಲಿ ಬೀಜಗಳ ಪ್ರಯೋಗ ನಡೆಯಿತು. ದೂರದ ದ್ವೀಪಗಳಿಗೆ ಗಿಡಗಳು ಹೋದದ್ದು ಹೇಗೆ? ಸಮುದ್ರದಲ್ಲಿ ತೇಲಿಹೋದ ಬೀಜ ಮೊಳೆಯಬಲ್ಲದೇ? ಗೆಳೆಯ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಡಾರ್ವಿನ್ ಸೀಸೆಗಳಲ್ಲಿ ಉಪ್ಪುನೀರು ತುಂಬಿ ಬೀಜಗಳನ್ನು ವಾರಗಟ್ಟಲೆ ನೆನೆಸಿಟ್ಟ. ಅಪ್ಪ ಹೂಕರ್‌ನನ್ನು ಸೋಲಿಸುತ್ತಾನೋ ಇಲ್ಲವೋ ಎಂಬುದೇ ಮಕ್ಕಳಿಗೆ ದಿನನಿತ್ಯದ ಕುತೂಹಲ. ಬೀಜಗಳು ಮೊಳೆತವು. ಆದರೆ ಗೆಲುವಿನ ಸಂಭ್ರಮ ಉಳಿಯಲಿಲ್ಲ; ಹೆಚ್ಚಿನ ಬೀಜಗಳು ನೀರಿನಲ್ಲಿ ಮುಳುಗುತ್ತವೆ, ತೇಲದಿದ್ದರೆ ದ್ವೀಪ ಮುಟ್ಟುವುದು ಹೇಗೆಂಬ ಹೊಸ ಅಡ್ಡಿ ಎದುರಾಯಿತು. ಒಣಗಿದ ಕೊಂಬೆ, ಕಾಯಿಗಳ ಸಮೇತ ತೇಲಿಸಿ ನೋಡುವ ಮತ್ತೊಂದು ಸುತ್ತಿನ ಪ್ರಯೋಗ ಶುರು. ಅಪ್ಪ ಗೆದ್ದು ಸೋತದ್ದನ್ನೂ, ಸೋತು ಮತ್ತೆ ಕೈಹಚ್ಚಿದ್ದನ್ನೂ ಮಕ್ಕಳು ಕಣ್ಣಾರೆ ಕಂಡರು.

ಗಂಡು ದುಂಬಿಗಳ ಹಾದಿಯನ್ನು ಪತ್ತೆಹಚ್ಚಿದ್ದಂತೂ ನೇರವಾಗಿ ಮಕ್ಕಳೇ. ಬೇಲಿಸಾಲಿನಲ್ಲಿ ಕೆಲವು ನಿರ್ದಿಷ್ಟ ಜಾಗಗಳಲ್ಲಿ ದುಂಬಿಗಳು ಬಂದು ಕ್ಷಣಕಾಲ ಗುಂಯ್‌ಗುಟ್ಟಿ ಮುಂದೆ ಹೋಗುತ್ತಿದ್ದವು. ಅವುಗಳ ವೇಗಕ್ಕೆ ಒಬ್ಬರ ಕಣ್ಣು ಸಾಲದು. ಡಾರ್ವಿನ್ ಐದಾರು ಮಕ್ಕಳನ್ನು ಒಂದೊಂದು ಜಾಗದಲ್ಲಿ ನಿಲ್ಲಿಸಿದ. ದುಂಬಿ ಬಂದೊಡನೆ ಆ ಮಗು ಕೂಗಬೇಕು, ಮುಂದಿನ ಮಗು ಸಿದ್ಧವಾಗಬೇಕು. ಕೂಗು ಹೀಗೆ ಒಬ್ಬರಿಂದ ಒಬ್ಬರಿಗೆ ಸಾಗಿ ದುಂಬಿಯ ದಾರಿಯ ನಕಾಶೆಯೇ ತಯಾರಾಯಿತು. ದುಂಬಿಗಳ ಮೈಮೇಲೆ ಹಿಟ್ಟು ಚಿಮುಕಿಸಿ ಗುರುತಿಟ್ಟದ್ದೂ ಇದೆ. ಆಟಕ್ಕೂ ಅಧ್ಯಯನಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ.

ಈ ಮನೆಯನ್ನು ಸ್ವರ್ಗವೆಂದು ಬಣ್ಣಿಸುವುದು ಸರಿಯಾಗದು. 1851ರ ಏಪ್ರಿಲ್‌ನಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಆ ಗಾಯ ತಂದೆಯಲ್ಲಿ ಕಡೆಯವರೆಗೂ ಮಾಯಲಿಲ್ಲ. ಗಂಡುಮಕ್ಕಳು ಶಾಲೆಗೆ, ಕೇಂಬ್ರಿಜ್‌ಗೆ ಹೋದರು; ಹೆನ್ರಿಯೆಟ್ಟಾ ಮತ್ತು ಎಲಿಜಬೆತ್ ಮನೆಯಲ್ಲೇ ಉಳಿದರು. ತಂದೆಯ ಹಸ್ತಪ್ರತಿಗಳನ್ನು ತಿದ್ದುವಷ್ಟು ಚುರುಕಾಗಿದ್ದ ಹೆನ್ರಿಯೆಟ್ಟಾಳಿಗೂ ಕಾಲೇಜಿನ ಬಾಗಿಲು ತೆರೆಯಲಿಲ್ಲ. ದುಂಬಿ ಓಡಿಸುವಾಗ ಇರದಿದ್ದ ಭೇದ ಶಾಲೆಯ ಹೊಸ್ತಿಲಲ್ಲಿ ಕಾಣಿಸಿಕೊಂಡಿತು. ಅನೇಕ ವಿಷಯಗಳಲ್ಲಿ ಕಾಲವನ್ನು ಮೀರಿ ನಿಂತ ಡಾರ್ವಿನ್ ಈ ವಿಷಯದಲ್ಲಿ ತನ್ನ ಕಾಲದವನೇ ಆಗಿದ್ದ.

ಇನ್ನು ಎರೆಹುಳುಗಳ ಕಥೆಗೆ ಬರೋಣ. ಮನೆಯ ಬಳಿಯ ಹೊಲವೊಂದನ್ನು 1841ರಲ್ಲಿ ಕೊನೆಯ ಬಾರಿಗೆ ಉಳಲಾಗಿತ್ತು. ಕಲ್ಲುಗಳಿಂದ ತುಂಬಿದ್ದ ಇಳಿಜಾರು. ಗಂಡುಮಕ್ಕಳು ಅದರ ಮೇಲೆ ಓಡಿ ಇಳಿಯುವಾಗ ಕಲ್ಲುಗಳು ಕಟಕಟನೆ ಸದ್ದು ಮಾಡುತ್ತಿದ್ದವು. ಈ ಕಲ್ಲುಗಳು ಮುಚ್ಚಿಹೋಗುವುದನ್ನು ತಾನು ಬದುಕಿರುವಾಗ ಕಾಣುವೆನೇ ಎಂದು ತಂದೆಗೆ ಅನುಮಾನ. ಮೂವತ್ತು ವರ್ಷಗಳ ನಂತರ ಕುದುರೆಯೊಂದು ಆ ಕಡೆಯಿಂದ ಈ ಕಡೆಯವರೆಗೆ ದೌಡಾಯಿಸಿದರೂ ಲಾಳಕ್ಕೆ ಒಂದು ಕಲ್ಲೂ ತಾಗದಷ್ಟು ಹುಲ್ಲಿನ ನೆಲ ಅಲ್ಲಿ ಹಬ್ಬಿತ್ತು.

ಇದು ತಾನಾಗಿ ಒದಗಿದ ನೋಟ. ಯೋಜಿಸಿ ಮಾಡಿದ ಪ್ರಯೋಗವೂ ಒಂದಿದೆ. 1842ರ ಡಿಸೆಂಬರ್ 20ರಂದು ಮತ್ತೊಂದು ಹೊಲದ ಒಂದು ಭಾಗದಲ್ಲಿ ಬಿಳಿ ಸುಣ್ಣಕಲ್ಲಿನ ಚೂರುಗಳನ್ನು ಹರಡಲಾಯಿತು. ಎಂದಾದರೊಂದು ದಿನ ಅಗೆದು ನೋಡುವುದಕ್ಕೆಂದೇ ಹರಡಿದ್ದು. ಹಿರಿಯ ಮಗ ವಿಲಿಯಂಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. 1871ರ ನವೆಂಬರ್ ಕೊನೆಗೆ, ಇಪ್ಪತ್ತೊಂಬತ್ತು ವರ್ಷಗಳ ಬಳಿಕ, ಅಲ್ಲಿ ಕಂದಕ ತೋಡಿದಾಗ ಏಳು ಅಂಗುಲ ಆಳದಲ್ಲಿ ಬಿಳಿಯ ಗೆರೆ ಕಾಣಿಸಿತು. ವರ್ಷಕ್ಕೆ 0.22 ಅಂಗುಲ. ವಿಲಿಯಂ ಮೂವತ್ತೆರಡಕ್ಕೆ ಕಾಲಿಡುತ್ತಿದ್ದ. ಒಂದು ಅಂಕಿಗಾಗಿ ಒಂದು ತಲೆಮಾರು ಕಾಯಬಹುದು ಎಂಬುದನ್ನು ಕಂಡು ಬೆಳೆದ ಮಕ್ಕಳು ಅವರು.

ಕುಂಡಗಳ ಪ್ರಯೋಗ ನಡೆದದ್ದು ಕೊನೆಯ ವರ್ಷಗಳಲ್ಲಿ. ಹೆರಿಗೆಯ ನಂತರ ಪತ್ನಿಯನ್ನು ಕಳೆದುಕೊಂಡ ಫ್ರಾನ್ಸಿಸ್ 1876ರಲ್ಲಿ ಹಸುಗೂಸು ಬರ್ನಾರ್ಡ್‌ನೊಂದಿಗೆ ತಂದೆಯ ಮನೆಗೇ ಬಂದಿದ್ದ. ಮೊಮ್ಮಗನ ಬರವಿನಿಂದ ಮನೆಯಲ್ಲಿ ಮತ್ತೆ ಮಗುವಿನ ಗಲಾಟೆ. ಲಾಂದ್ರಕ್ಕೆ ಕೆಂಪು ಗಾಜು, ನೀಲಿ ಗಾಜು ಹಾಕಿ ಹುಳುಗಳ ಮೇಲೆ ಬೆಳಕು ಬಿಡಲಾಯಿತು. ಕಣ್ಣಿಲ್ಲದಿದ್ದರೂ ಪ್ರಖರ ಬೆಳಕು ತಿಳಿಯುತ್ತದೆ, ಮಂದವಾದ ಕೆಂಪು ಬೆಳಕನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ ಎಂದಾಯಿತು. ಎಲೆ ಎಳೆಯುವ ಕೆಲಸದಲ್ಲಿ ಮಗ್ನವಾಗಿದ್ದ ಹುಳು ಮಾತ್ರ ಬೆಳಕಿಗೂ ಸುಲಭಕ್ಕೆ ಬೆದರಲಿಲ್ಲ. ಹಾಗಿದ್ದರೆ ಅದಕ್ಕೂ ಗಮನ ಎಂಬುದೊಂದಿದೆಯೇ? ತಂಬಾಕು ಜಗಿದು ಉಸಿರುಬಿಟ್ಟರೂ ಹುಳುಗಳು ಬೇಸರಿಸಲಿಲ್ಲ. ಆದರೆ ಮಣ್ಣಿನಲ್ಲಿ ಹೂತಿಟ್ಟ ಎಲೆಕೋಸು, ಈರುಳ್ಳಿ ಚೂರುಗಳನ್ನು ಹುಡುಕಿ ತೆಗೆದವು.

ಎರೆಹುಳುಗಳು ತಮ್ಮ ಬಿಲದ ಬಾಯಿಯನ್ನು ಎಲೆಗಳಿಂದ ಮುಚ್ಚುತ್ತವೆ. ಎಲೆಯನ್ನು ಸಿಕ್ಕಸಿಕ್ಕಲ್ಲಿ ಹಿಡಿದು ಎಳೆಯುತ್ತವೆಯೇ, ಸುಲಭವಾಗುವ ಕಡೆಯಿಂದ ಎಳೆಯುತ್ತವೆಯೇ ಎಂಬುದು ಮುಂದಿನ ಪ್ರಶ್ನೆ. ಬಿಲಗಳಿಂದ ಹೊರತೆಗೆದ 227 ಒಣ ಎಲೆಗಳಲ್ಲಿ 181 ತುದಿಯಿಂದ, 20 ಬುಡದಿಂದ, 26 ನಡುವಿನಿಂದ ಎಳೆಯಲ್ಪಟ್ಟಿದ್ದವು. ಇಷ್ಟಕ್ಕೆ ತೀರ್ಮಾನ ಬರೆದುಬಿಡಬಹುದಿತ್ತು. ಆದರೆ ತಮ್ಮ ನಾಡಿನ ಎಲೆಗಳ ವಿಷಯದಲ್ಲಿ ಅದು ಹುಟ್ಟಿನಿಂದ ಬಂದ ಅಭ್ಯಾಸವಿರಬಹುದಲ್ಲ? ಹೊರದೇಶದ ರೋಡೋಡೆಂಡ್ರಾನ್ ಗಿಡದ ಎಲೆಗಳಲ್ಲಿ ಬುಡವೇ ಕಿರಿದಾಗಿರುವುದು ಹೆಚ್ಚು. ಅಂತಹ 91 ಎಲೆಗಳನ್ನು ನೋಡಿದಾಗ ಶೇ. 66ನ್ನು ಹುಳುಗಳು ಬುಡದಿಂದಲೇ ಎಳೆದಿದ್ದವು. ಪೈನ್ ಸೂಜಿಎಲೆಗಳನ್ನಂತೂ ಹೆಚ್ಚುಕಡಿಮೆ ಎಲ್ಲವನ್ನೂ ಬುಡದಿಂದಲೇ. ಮೊನಚು ತುದಿ ಚುಚ್ಚುತ್ತದೆಂದು ಹೀಗೆ ಮಾಡುತ್ತಿರಬಹುದೇ ಎಂಬ ಅನುಮಾನ ಬಂದು ತುದಿಗಳನ್ನು ಕತ್ತರಿಸಿಹಾಕಿದರು. ಎರಡು ತುದಿ ಕವಲಾಗಿರುವುದೇ ಕಾರಣವಿರಬಹುದೆಂದು ಅಂಟಿಸಿ, ದಾರದಿಂದ ಕಟ್ಟಿ ನೋಡಿದರು. ಹುಳುಗಳು ಬುಡವನ್ನು ಬಿಡಲಿಲ್ಲ. ಎರಡು ಊಹೆಗಳೂ ಬಿದ್ದುಹೋದವು. ಬಿದ್ದುಹೋದವೆಂದೇ ಪುಸ್ತಕದಲ್ಲಿ ಬರೆಯಲಾಯಿತು.

ಕೊನೆಗೆ ಯಾವ ಹುಳುವೂ ಎಂದೂ ಕಂಡಿರದ ವಸ್ತುವನ್ನು ತಯಾರಿಸಿದರು: ಕಾಗದದ ಉದ್ದನೆಯ ತ್ರಿಕೋನಗಳು. ಇಬ್ಬನಿಗೆ ಮೆತ್ತಗಾಗದಂತೆ ಎರಡೂ ಕಡೆ ಹಸಿ ಕೊಬ್ಬು ಸವರಿ ರಾತ್ರಿ ತೋಟದಲ್ಲಿ ಹರಡಿದರು. ಬಿಲದಷ್ಟೇ ಅಗಲದ ಕೊಳವೆಯೊಳಗೆ ಸಣ್ಣ ಚಿಮಟದಿಂದ ತಾವೇ ತ್ರಿಕೋನಗಳನ್ನು ಎಳೆದು ಯಾವ ಕಡೆಯಿಂದ ಸಲೀಸೆಂದು ಪರೀಕ್ಷಿಸಿಕೊಂಡರು. ಕಿರಿದಾದ ತುದಿಯೇ ಸಲೀಸು. ಹುಳುಗಳು ಎಳೆದ 303 ತ್ರಿಕೋನಗಳಲ್ಲಿ ಶೇ. 62 ಆ ತುದಿಯಿಂದ, ಶೇ. 15 ನಡುವಿನಿಂದ, ಶೇ. 23 ಬುಡದಿಂದ. ಆಕಸ್ಮಿಕಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಹುಳುವಿಗೆ ಒಂದಿಷ್ಟು ಬುದ್ಧಿಯಿದೆಯೆಂದು ಡಾರ್ವಿನ್ ತೀರ್ಮಾನಿಸಿದ. ಅದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ ಎಂಬುದು ಬೇರೆ ಮಾತು. ಇಡೀ ಸರಣಿಯಲ್ಲಿ ಬೇಕಾದದ್ದು ಕತ್ತರಿ, ಕಾಗದ, ಕೊಬ್ಬು, ಎಣಿಸುವ ತಾಳ್ಮೆ. ಹತ್ತು ವರ್ಷದ ಮಗುವಿನ ಕೈಗೆ ಎಟುಕದ್ದು ಒಂದೂ ಇಲ್ಲ.

ನಮ್ಮ ಶಾಲೆಗಳಲ್ಲಿ ಎರೆಹುಳು ರೈತನ ಮಿತ್ರ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿ ಅಂಕ ಗಳಿಸದವರು ವಿರಳ. ವಾಕ್ಯದಲ್ಲಿ ತಪ್ಪೇನಿಲ್ಲ. ಜಗತ್ತಿನ ಧಾನ್ಯದ ಇಳುವರಿಯಲ್ಲಿ ಶೇ. 6.5ರಷ್ಟು ಎರೆಹುಳುಗಳ ಕೊಡುಗೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆದರೆ ಅದು ಮಿತ್ರನೆಂಬುದು ಹೇಗೆ ಗೊತ್ತಾಯಿತು ಎಂದು ತರಗತಿಯಲ್ಲಿ ಎದ್ದು ನಿಂತು ಕೇಳಿದ ಮಗುವಿಗೆ ಉತ್ತರ ಸಿಗುವುದು ಕಷ್ಟ. ಅರಳಿ ಎಲೆಗೆ ಬಾಲದಂತಹ ತುದಿಯಿದೆ, ಹೊಂಗೆಯ ಎಲೆಗೆ ಇಲ್ಲ. ನಮ್ಮ ನೆಲದ ಹುಳುಗಳು ಇವುಗಳನ್ನು ಎಳೆಯುತ್ತವೆಯೇ, ಎಳೆದರೆ ಎಲ್ಲಿ ಹಿಡಿದು ಎಳೆಯುತ್ತವೆ ಎಂದು ಒಂದು ಮಳೆಗಾಲದಲ್ಲಿ ನೋಡಲು ಶಾಲೆಯ ಹಿತ್ತಲಿನ ಒಂದು ಮಡಿ ಸಾಕು. ಇಲ್ಲ ಎಂಬ ಉತ್ತರ ಬಂದರೂ ಅದು ಉತ್ತರವೇ.

ಡಾರ್ವಿನ್ ಮಕ್ಕಳಿಗೂ ಇಂತಹ ಇಲ್ಲಗಳು ಎದುರಾದವು. 1877ರ ಜೂನ್‌ನಲ್ಲಿ ಅರವತ್ತೆಂಟರ ತಂದೆ ಸುಡುಬಿಸಿಲಿನಲ್ಲಿ ಸ್ಟೋನ್‌ಹೆಂಜ್ ಶಿಲಾಸಮೂಹವನ್ನು ನೋಡಲು ಹೋದಾಗ ಮಗ ಜಾರ್ಜ್ ಜೊತೆಗಿದ್ದ. ಉರುಳಿಬಿದ್ದ ಬಂಡೆಗಳ ಅಂಚಿನಲ್ಲಿ ಅಗೆದು ನೋಡಿದರು. ಅಲ್ಲಿನ ಹುಳುಗಳು ಬಹಳ ಸೋಮಾರಿಗಳೆಂದು ಎಮ್ಮಾ ಪತ್ರದಲ್ಲಿ ತಮಾಷೆ ಮಾಡಿದ್ದಾಳೆ. ಅದೇ ವರ್ಷ ಫ್ರಾನ್ಸಿಸ್ ಮತ್ತು ಹೊರೇಸ್ ಚೆಡ್‌ವರ್ತ್‌ನಲ್ಲಿನ ರೋಮನ್ನರ ಕಾಲದ ಮನೆಯ ಅವಶೇಷಗಳನ್ನು ಪರಿಶೀಲಿಸಿದರು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ವಿಲಿಯಂ ಬ್ರೇಡಿಂಗ್‌ನ ಅವಶೇಷಗಳನ್ನೂ ಬ್ಯೂಲಿಯ ಹಳೆಯ ಮಠದ ನೆಲಹಾಸನ್ನೂ ನೋಡಿ ವರದಿ ಕಳುಹಿಸಿದ. ಹುಳುಗಳು ಕಟ್ಟಡಗಳನ್ನು ನಿಧಾನವಾಗಿ ನೆಲಕ್ಕಿಳಿಸಿ ಮಣ್ಣು ಹೊದಿಸಿ ಕಾಪಾಡುತ್ತವೆ ಎಂಬ ಅಧ್ಯಾಯ ಹೀಗೆ ರೂಪುಗೊಂಡಿತು. ಪುಸ್ತಕದಲ್ಲಿ ಯಾರು ಏನನ್ನು ನೋಡಿದರೆಂಬುದನ್ನು ಮಗನ ಹೆಸರು ಹೇಳಿಯೇ ನಮೂದಿಸಲಾಗಿದೆ. ಗ್ರಾಂಟ್‌ನಿಂದ ತಾನು ಪಡೆಯದೆ ಹೋದದ್ದನ್ನು ಡಾರ್ವಿನ್ ತನ್ನ ಮಕ್ಕಳಿಗೆ ಕೊಟ್ಟ.

ನೆರವು ದೂರದಿಂದಲೂ ಬಂತು. ಕಲ್ಕತ್ತಾ ಸಸ್ಯೋದ್ಯಾನದ ಜಾನ್ ಸ್ಕಾಟ್ ಬಂಗಾಳದ ಹುಳುಗಳನ್ನು ಗಮನಿಸಿ ವಿವರ ಬರೆದ. ಅದೇ ಉದ್ಯಾನದ ಮೇಲ್ವಿಚಾರಕ ಜಾರ್ಜ್ ಕಿಂಗ್ ನಮ್ಮ ನೆರೆಯ ನೀಲಗಿರಿ ಬೆಟ್ಟಗಳಿಂದ ದೊಡ್ಡ ಗಾತ್ರದ ಹಿಕ್ಕೆಗಳನ್ನು ಸಂಗ್ರಹಿಸಿ ಕಳುಹಿಸಿಕೊಟ್ಟ. ಅದರ ಚಿತ್ರ ಪುಸ್ತಕದಲ್ಲಿ ಅಚ್ಚಾಗಿದೆ. ಜರ್ಮನಿಯ ಹೆನ್ಸೆನ್ ಎಂಬಾತನ ಲೆಕ್ಕದ ಪ್ರಕಾರ ತೋಟದ ಒಂದು ಎಕರೆಯಲ್ಲಿ 53,767 ಹುಳುಗಳು. ಇಂಗ್ಲೆಂಡಿನ ಅನೇಕ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್‌ಗೂ ಹೆಚ್ಚು ಮಣ್ಣು ಅವುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂಬುದು ಡಾರ್ವಿನ್‌ನ ಲೆಕ್ಕ. ಫಿಶ್‌ಗೆ ಉತ್ತರ ಸಿಕ್ಕಿತ್ತು.

1881ರ ಅಕ್ಟೋಬರ್‌ನಲ್ಲಿ ಪುಸ್ತಕ ಹೊರಬಂತು. ಯಾರು ಓದುತ್ತಾರೆಂದು ಲೇಖಕನಿಗೇ ಸಂಶಯವಿತ್ತು. ಪ್ರತಿಗಳು ಸಾವಿರಗಳ ಲೆಕ್ಕದಲ್ಲಿ ಮಾರಾಟವಾದವು. ಪಂಚ್ ಪತ್ರಿಕೆ ಹುಳುವಿನಿಂದ ಮನುಷ್ಯನವರೆಗಿನ ವ್ಯಂಗ್ಯಚಿತ್ರ ಬರೆದು ಗೇಲಿ ಮಾಡಿತು. ಅದೇ ಆಗಸ್ಟ್‌ನಲ್ಲಿ, ಕೊಟ್ಟಿಗೆಯ ರಸಾಯನಶಾಲೆಯ ಅಣ್ಣ ಎರಾಸ್ಮಸ್ ತೀರಿಕೊಂಡಿದ್ದ. 1882ರ ಏಪ್ರಿಲ್ 19ರಂದು ಡಾರ್ವಿನ್ ಡೌನ್‌ನ ಮನೆಯಲ್ಲಿ ಕೊನೆಯುಸಿರೆಳೆದ. ಊರಿನ ಚರ್ಚಿನ ಅಂಗಳದಲ್ಲೇ, ತಾನು ಅರಿತಿದ್ದ ಮಣ್ಣಿನಲ್ಲಿ ಮಲಗುವುದು ಆತನ ನಿರೀಕ್ಷೆಯಾಗಿತ್ತು. ಗಣ್ಯರ ಒತ್ತಾಯದಂತೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಲ್ಲುಹಾಸಿನಡಿ ಸಮಾಧಿ ಮಾಡಲಾಯಿತು.

ದುಂಬಿಯ ಹಿಂದೆ ಓಡಿದ ಹುಡುಗರಲ್ಲಿ ಜಾರ್ಜ್ ಉಬ್ಬರವಿಳಿತಗಳ ಗಣಿತದಲ್ಲಿ ಹೆಸರಾದ, ಫ್ರಾನ್ಸಿಸ್ ಸಸ್ಯವಿಜ್ಞಾನಿಯಾದ, ಹೊರೇಸ್ ಕೇಂಬ್ರಿಜ್‌ನಲ್ಲಿ ವೈಜ್ಞಾನಿಕ ಉಪಕರಣಗಳ ಕಂಪನಿ ಕಟ್ಟಿದ. ಮೂವರೂ ರಾಯಲ್ ಸೊಸೈಟಿಯ ಸದಸ್ಯರು. ಸೇನೆಯ ಎಂಜಿನಿಯರ್ ಲಿಯೊನಾರ್ಡ್ 1874ರಲ್ಲಿ ಶುಕ್ರಸಂಕ್ರಮಣದ ಚಿತ್ರ ತೆಗೆಯಲು ನ್ಯೂಜಿಲೆಂಡ್‌ವರೆಗೂ ಹೋಗಿಬಂದ. ತಂದೆಯಿದ್ದಾಗಲೇ ಹೊರೇಸ್ ಮನೆಯ ಹುಲ್ಲುಹಾಸಿನಲ್ಲಿ ನಡುವೆ ತೂತಿರುವ ದುಂಡನೆಯ ಚಪ್ಪಡಿಯೊಂದನ್ನು ಇರಿಸಿ, ಆಳದಲ್ಲಿ ಭದ್ರವಾಗಿ ನಿಂತ ಲೋಹದ ಸರಳಿಗೆ ಹೋಲಿಸಿ ಕಲ್ಲು ಎಷ್ಟು ಇಳಿಯುತ್ತದೆಂದು ಅಳೆಯುವ ಏರ್ಪಾಡು ಮಾಡಿದ್ದ. ಮಳೆ, ಹಿಮ, ಬಿಸಿಲಿಗೆ ನೆಲವೇ ಉಬ್ಬಿ ಕುಗ್ಗುವುದರಿಂದ ಹುಳುಗಳ ಪಾಲನ್ನು ಬೇರ್ಪಡಿಸುವುದು ಸುಲಭವಿರಲಿಲ್ಲ. ವರ್ಷಕ್ಕೆ ಎರಡು ಮಿಲಿಮೀಟರ್‌ಗಿಂತ ತುಸು ಹೆಚ್ಚು ಎಂಬ ಫಲಿತಾಂಶವನ್ನು ಆತ ಪ್ರಕಟಿಸಿದ್ದು 1901ರಲ್ಲಿ, ತಂದೆ ತೀರಿಹೋಗಿ ಹತ್ತೊಂಬತ್ತು ವರ್ಷಗಳಾದ ಮೇಲೆ.

ಸೀಟಿ ಊದಿದ ಬರ್ನಾರ್ಡ್ ವಿಜ್ಞಾನಿಯಾಗಲಿಲ್ಲ. ಟೈಮ್ಸ್ ಪತ್ರಿಕೆಗೆ ದಶಕಗಳ ಕಾಲ ಗಾಲ್ಫ್ ಆಟದ ಬಗ್ಗೆ ಬರೆದು ಆ ಕ್ಷೇತ್ರದ ಅಗ್ರಗಣ್ಯ ಬರಹಗಾರನೆನಿಸಿಕೊಂಡ. ನುಣ್ಣನೆಯ ಹುಲ್ಲಿನ ಮೇಲೆ ಎರೆಹುಳು ಹಾಕುವ ಹಿಕ್ಕೆಯೆಂದರೆ ಗಾಲ್ಫ್ ಮೈದಾನ ನೋಡಿಕೊಳ್ಳುವವರಿಗೆ ಆಗದು. ಹುಳುಗಳನ್ನು ಕೊಲ್ಲಲು ಆ ಕಾಲದಲ್ಲಿ ಅವರು ಚಿಮುಕಿಸುತ್ತಿದ್ದ ಪುಡಿಗಳಲ್ಲೊಂದು ಭಾರತದಿಂದ ಹಡಗಿನಲ್ಲಿ ಹೋಗುತ್ತಿದ್ದ ಹಿಪ್ಪೆ ಹಿಂಡಿ.